ಸಹಾಯ ಬೇಕು: ‘ದಿ ಮಿನಿಸ್ಟ್ರಿ ಫಾರ್ ದಿ ಫ್ಯೂಚರ್’ ಪೂರ್ತಿ ಓದಿದವರು ಇದ್ದೀರಾ?

ಕಿಮ್ ಸ್ಟಾನ್ಲಿ ರಾಬಿನ್‌ಸನ್ ಅವರ 2020ರ, ಹವಾಮಾನ ಬದಲಾವಣೆ ಕುರಿತ ಈ ಕಾದಂಬರಿಯನ್ನು ಓದುಬಳಗಕ್ಕೆ ಕಂತುಗಳಾಗಿ ಹಂಚಬೇಕಿದೆ. ಒಟ್ಟು 106 ಅಧ್ಯಾಯ. ಹತ್ತತ್ತು ಅಧ್ಯಾಯ ಅಂತ ಕತ್ತರಿಸಿದರೆ ಲೆಕ್ಕ ಕೆಡುತ್ತದೆ, ಕೆಲವು ಒಂದೇ ಪುಟ, ಕೆಲವು ಮುಗಿಯುವುದೇ ಇಲ್ಲ.

ಮೊದಲ ಅಧ್ಯಾಯದ ಚಿಂತೆಯಿಲ್ಲ. ಉತ್ತರ ಪ್ರದೇಶದ ಬಿಸಿಗಾಳಿ, ಕರೆಂಟಿಲ್ಲ, ಕೆರೆಗಿಳಿದರೆ ನೀರೂ ಬಿಸಿ. ವೆಟ್ ಬಲ್ಬ್ ತಾಪಮಾನ (ಬಿಸಿ, ಗಾಳಿಯ ತೇವ ಎರಡನ್ನೂ ಸೇರಿಸಿದ ಅಳತೆ) 35 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆವರು ಆರಿ ಮೈ ತಣಿಯುವುದಿಲ್ಲ, ನೆರಳಲ್ಲಿ ಕೂತ ಗಟ್ಟಿ ಆಳೂ ಕೆಲವು ಗಂಟೆಗಿಂತ ಹೆಚ್ಚು ತಡೆಯಲಾರ. ಇಷ್ಟು ಮೊದಲೇ ತಿಳಿಸಿದರೆ ಓದು ಸಲೀಸು. (ಸಾವಿನ ವಿವರ ತೀವ್ರವಾಗಿದೆ, ಎಚ್ಚರಿಕೆ ಕೊಡುವುದು ಒಳ್ಳೆಯದು.)

ಜನ ಕೈಬಿಡುವುದು ಆಮೇಲೆ. ಜ್ಯೂರಿಕ್‌ನಲ್ಲಿ ಆ ಮಿನಿಸ್ಟ್ರಿ ನಡೆಸುವ ಮೇರಿ, ಬಿಸಿಗಾಳಿಯಿಂದ ಬದುಕುಳಿದ ಫ್ರಾಂಕ್ ಇವರ ಕಥೆಯ ನಡುನಡುವೆ ಸಭೆಯ ಟಿಪ್ಪಣಿ, ಒಗಟು, ಇಂಗಾಲದ ಪರಮಾಣುವಿನ ಸ್ವಗತ ನುಗ್ಗುತ್ತವೆ. ಒಗಟುಗಳನ್ನು ಹಾರಿಸಿದರೂ ಕಥೆಗೆ ನಷ್ಟವಿಲ್ಲ. ಹಿಮನದಿಯ ಅಡಿಯ ನೀರನ್ನು ಪಂಪ್ ಮಾಡಿ ಅದರ ಜಾರುವಿಕೆ ತಗ್ಗಿಸುವ ಭಾಗ ಮಾತ್ರ ಬಿಡಬಾರದು.

ಬೇಕಿರುವುದು ಇದು: ಮೇರಿ, ಫ್ರಾಂಕ್ ಬರುವ ಅಧ್ಯಾಯಗಳ ಸಂಖ್ಯೆಯನ್ನು ಯಾರಾದರೂ ಗುರುತು ಹಾಕಿಟ್ಟಿದ್ದರೆ ಕಳಿಸಿ. ಕಾದಂಬರಿಯಲ್ಲಿ ಬರುವ ಕಾರ್ಬನ್ ಕಾಯಿನ್ ಎಂಬ ಹಣದ ಬಗ್ಗೆ ಕನ್ನಡದಲ್ಲಿ ಒಂದು ಪುಟದ ವಿವರಣೆಯೂ ಬೇಕು. ಒಂದು ಟನ್ ಇಂಗಾಲ ತಡೆದಿಟ್ಟರೆ ಒಂದು ನಾಣ್ಯ ಎಂಬಷ್ಟು ಸುಲಭ. ಕೇಂದ್ರ ಬ್ಯಾಂಕುಗಳು ಅದಕ್ಕೆ ಬೆಲೆಯ ಖಾತರಿ ಕೊಡುವ ಕಡೆಗೇ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು. ಬ್ಯಾಂಕಿನಲ್ಲಿರುವವರು ಬರೆದುಕೊಟ್ಟರೆ ಇನ್ನೂ ಚೆನ್ನ. ಕೊನೆಯ ಅಧ್ಯಾಯಗಳ ಗುಟ್ಟು ಕಾಮೆಂಟಿನಲ್ಲಿ ಬೇಡ, ಇನ್‌ಬಾಕ್ಸ್‌ಗೆ ಹಾಕಿ.