ಚೂಫಾ ತಾಕಿಗೆ ಕಾಡು ಟರ್ಕಿ ಕೋಳಿಗಳು ಬರುತ್ತಿಲ್ಲ: ಮೇಲಿನ ಹೊಲದಲ್ಲಿ ಗಿಡ ಕುಗ್ಗಿದೆ, ಕೆಳಗಿನದರಲ್ಲಿ ಯಾರೋ ಅಗೆಯುತ್ತಿದ್ದಾರೆ

ಪ್ರಶ್ನೆ (ಡಿಸೆಂಬರ್ ಮೊದಲ ವಾರ)

ಎಲ್ಲರಿಗೂ ನಮಸ್ಕಾರ. ನಮ್ಮ ಜಮೀನು ಅಮೆರಿಕದ ಜಾರ್ಜಿಯಾ ರಾಜ್ಯದ ದಕ್ಷಿಣ ಭಾಗದಲ್ಲಿ, ಟಿಫ್ಟನ್ ಊರಿಗೆ ಅರ್ಧ ಗಂಟೆಯ ದಾರಿಯಲ್ಲಿದೆ. ಪೈನ್ ತೋಪು, ಅದರ ಅಂಚಿನಲ್ಲಿ ಒಂದು ಹಳ್ಳ, ಹಳ್ಳದಾಚೆ ಓಕ್ ಮರಗಳ ಕಾಡು. ವಸಂತದಲ್ಲಿ ಬೆಳಕು ಹರಿಯುವ ಹೊತ್ತಿಗೆ ಟರ್ಕಿ ಹುಂಜಗಳ ಕೂಗು ಮನೆಯವರೆಗೂ ಕೇಳಿಸುತ್ತದೆ. ಚಳಿಗಾಲ ಬಂದರೆ ಹಿಂಡು ಬೇರೆಲ್ಲಿಗೋ ಹೊರಟುಹೋಗುತ್ತದೆ. ಅವಕ್ಕೆ ಇಲ್ಲೇ ಮೇವು ಸಿಗಲೆಂದು ಈ ವರ್ಷ ಮೊದಲ ಬಾರಿಗೆ ಚೂಫಾ, ಅಂದರೆ ನೆಲದೊಳಗೆ ಸಣ್ಣ ಗಡ್ಡೆ ಕಟ್ಟುವ ಒಂದು ಬಗೆಯ ಜೇಕು, ಬಿತ್ತಿದೆ. ಊರಿನಲ್ಲಿ ರಾಗಿ ಹೊಲದಿಂದ ಜೇಕಿನ ಗಡ್ಡೆಯನ್ನು ಕಿತ್ತು ಕಿತ್ತು ಸುಸ್ತಾಗಿದ್ದ ನನ್ನ ತಂದೆಗೆ, ಅದೇ ಕುಲದ ಗಿಡವನ್ನು ದುಡ್ಡು ಕೊಟ್ಟು ತಂದು ಬೆಳೆಸುತ್ತಿದ್ದೇನೆ ಎಂದು ಫೋನಿನಲ್ಲಿ ವಿವರಿಸಲು ಬಹಳ ಹೊತ್ತು ಬೇಕಾಯಿತು.

ಅರ್ಧ ಅರ್ಧ ಎಕರೆಯ ಎರಡು ತಾಕುಗಳಿವೆ. ಮೇಲಿನದು ಮರಳು ಮಿಶ್ರಿತ ಸಡಿಲ ಮಣ್ಣು. ಹಳ್ಳದ ಪಕ್ಕದ ಕೆಳಗಿನದರಲ್ಲಿ ಜೇಡಿಯ ಅಂಶ ಹೆಚ್ಚು. ಎರಡಕ್ಕೂ ಮೇ 20ರ ಸುಮಾರಿಗೆ ತಲಾ 20 ಪೌಂಡ್ ಬಿತ್ತನೆ ಗಡ್ಡೆಯನ್ನು ಎರಚಿ, ಡಿಸ್ಕ್ ಹ್ಯಾರೋದಿಂದ ಸುಮಾರು ಒಂದೂವರೆ ಅಂಗುಲ ಮಣ್ಣು ಮುಚ್ಚಿಸಿದೆ. ಮಣ್ಣಿನ ರಸಸಾರ ಮೇಲೆ 6.2, ಕೆಳಗೆ 5.8. ಬಿತ್ತುವಾಗ 10-10-10 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ) ಗೊಬ್ಬರವನ್ನು ಎಕರೆಗೆ 300 ಪೌಂಡಿನ ಲೆಕ್ಕದಲ್ಲಿ ಕೊಟ್ಟು, ಜುಲೈನಲ್ಲಿ ಸಾರಜನಕದ ಮೇಲುಗೊಬ್ಬರ ಹಾಕಿದೆ. ಮಣ್ಣು ಚೂಫಾಕ್ಕೆ ಹೇಳಿಮಾಡಿಸಿದಂತಿದೆ ಎಂದುಕೊಂಡಿದ್ದ ಮೇಲಿನ ತಾಕಿನಲ್ಲೇ ಗಿಡ ಗೇಣುದ್ದಕ್ಕೆ ನಿಂತು ಹಳದಿಗೆ ತಿರುಗಿತು. ಎರಡನೆಯ ಸಲ ಗೊಬ್ಬರ ಕೊಟ್ಟರೂ ಏಳಲಿಲ್ಲ. ಕೆಳಗಿನದು ಮೊಣಕಾಲೆತ್ತರ ಬೆಳೆದು, ನವೆಂಬರ್ ಮಂಜಿಗೆ ಎಲೆ ಒಣಗಿತು. ಈಗ ಅಲ್ಲಿ ರಾತ್ರೋರಾತ್ರಿ ನೆಲ ಅಗೆದುಹೋಗಿರುತ್ತದೆ, ಆದರೆ ಹಗಲಿನಲ್ಲಿ ಒಂದೇ ಒಂದು ಟರ್ಕಿಯೂ ಕಾಣುವುದಿಲ್ಲ. ನಾನು ಎಡವಿದ್ದು ಎಲ್ಲಿ?

ಉತ್ತರ 1 (ದಕ್ಷಿಣ ಕ್ಯಾರೊಲೈನಾದಿಂದ)

ನಮಸ್ಕಾರ ಸರ್. ಹನ್ನೊಂದು ವರ್ಷಗಳಿಂದ ಚೂಫಾ ಹಾಕುತ್ತಿರುವ ಅನುಭವದಿಂದ ಹೇಳುತ್ತಿದ್ದೇನೆ: ಎಲೆಯನ್ನು ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ, ಮೊದಲು ನೆಲ ಅಗೆದು ನೋಡಿ. ಟರ್ಕಿಗೆ ಬೇಕಾಗಿರುವುದು ಮಣ್ಣಿನೊಳಗಿನ ಗಡ್ಡೆ. ಪ್ರತಿ ತಾಕಿನಲ್ಲೂ ಅಂಚು, ನಡು ಎಲ್ಲ ಸೇರಿ ಹತ್ತು ಕಡೆ ಒಂದೊಂದು ಗಿಡವನ್ನು ಬುಡದ ಮಣ್ಣಿನ ಸಮೇತ ಸಲಿಕೆಯಿಂದ ಎತ್ತಿ, ಜರಡಿಯಲ್ಲಿಟ್ಟು ನೀರಿನಿಂದ ತೊಳೆದು ಗಡ್ಡೆಗಳನ್ನು ಎಣಿಸಿ ಬರೆದುಕೊಳ್ಳಿ.

ರಾತ್ರಿ ಅಗೆಯುವುದು ಟರ್ಕಿಯಲ್ಲ ಎನ್ನುವುದು ಈಗಲೇ ಖಚಿತ, ಏಕೆಂದರೆ ಕತ್ತಲಾಗುತ್ತಿದ್ದಂತೆ ಅವು ಮರವೇರಿ ಕೂರುತ್ತವೆ. ಅಗೆದ ಗುರುತಿನ ಆಕಾರವನ್ನು ದಯವಿಟ್ಟು ವಿವರಿಸಿ. ಬಾಯಿ ಅಗಲ, ತಳ ಚೂಪು ಇರುವ ಸಣ್ಣ ಸಣ್ಣ ಕುಳಿಗಳಾಗಿದ್ದರೆ ರಕೂನ್ ಎಂಬ ಸಣ್ಣ ಕಾಡುಪ್ರಾಣಿ ಇರಬಹುದು. ನೇಗಿಲು ಹಾಯಿಸಿದಂತೆ ಉದ್ದಕ್ಕೆ ಮಣ್ಣು ಮಗುಚಿದ್ದರೆ ಅದು ಕಾಡುಹಂದಿ. ಟರ್ಕಿ ಕಾಲಿನಿಂದ ಕೆದಕುವುದರಿಂದ ಮಣ್ಣು, ತರಗೆಲೆ ಎಲ್ಲ ಒಂದೇ ದಿಕ್ಕಿಗೆ, ಹಿಂದಕ್ಕೆ ಚೆಲ್ಲಿರುತ್ತದೆ. ಪಕ್ಕದಲ್ಲಿ ಹಿಕ್ಕೆಯೂ ಸಿಗುತ್ತದೆ. ಕೊಕ್ಕೆಯಂತೆ ಬಾಗಿದ ಉದ್ದನೆಯ ಹಿಕ್ಕೆ ಹುಂಜದ್ದು, ಸುರುಳಿ ಸುತ್ತಿದ ಮುದ್ದೆ ಹೇಂಟೆಯದು.

ಇನ್ನೊಂದು ಪ್ರಶ್ನೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಮೇಲಿನ ತಾಕಿನಲ್ಲಿ ಕಳೆದ ವರ್ಷ ಯಾವ ಬೆಳೆಯಿತ್ತು, ಅದಕ್ಕೆ ಯಾವ ಕಳೆನಾಶಕ ಹೊಡೆದಿದ್ದರು?

ಪ್ರಶ್ನೆ ಕೇಳಿದವರು

ತಾವು ಹೇಳಿದಂತೆಯೇ ಮಾಡಿದೆ, ಸರ್. ಮೇಲಿನ ತಾಕಿನ ಹತ್ತು ಗಿಡಗಳಲ್ಲಿ ಸರಾಸರಿ ಆರೇ ಗಡ್ಡೆ, ಅವೂ ಉದ್ದಿನ ಕಾಳಿಗಿಂತ ತುಸು ದೊಡ್ಡವು. ಎರಡು ಗಿಡಗಳಲ್ಲಿ ಏನೂ ಇರಲಿಲ್ಲ. ಕೆಳಗಿನ ತಾಕಿನಲ್ಲಿ ನಲವತ್ತಕ್ಕೆ ಕಡಿಮೆಯಾದ ಗಿಡವೇ ಇಲ್ಲ, ಕೆಲವು ಗಡ್ಡೆಗಳು ಕಡಲೆಕಾಯಿ ಬೀಜದಷ್ಟು ದಪ್ಪ ಇವೆ. ಆದರೆ ಅಲ್ಲಿಯ ಮಣ್ಣು ಒಣಗಿ ಎಷ್ಟು ಗಟ್ಟಿಯಾಗಿದೆಯೆಂದರೆ ಸಲಿಕೆಯನ್ನು ಕಾಲಿನಿಂದ ಒತ್ತಿ ಇಳಿಸಬೇಕಾಯಿತು. ಅಗೆತ ಹಳ್ಳದ ಕಡೆಯ ಮೂಲೆಯಲ್ಲಿದೆ, ಸುಮಾರು ಮೂವತ್ತು ಅಡಿ ಉದ್ದಕ್ಕೆ ಮಣ್ಣು ಮಗುಚಿಬಿದ್ದಿದೆ. ಗೊರಸಿನ ಗುರುತುಗಳೂ ಇವೆ.

ಮೇಲಿನ ತಾಕನ್ನು ಹಿಂದಿನ ಎರಡು ವರ್ಷ ಒಬ್ಬರು ರೈತರು ಗುತ್ತಿಗೆಗೆ ಪಡೆದು ಕಡಲೆಕಾಯಿ ಬೆಳೆದಿದ್ದರು. ವಿಚಾರಿಸಿದಾಗ, ಕಳೆದ ವರ್ಷ ಜೂನ್‌ನಲ್ಲಿ ಇಮಾಜಪಿಕ್ ಇರುವ ಕಳೆನಾಶಕ ಹೊಡೆದದ್ದಾಗಿ ಅವರೇ ಪುಸ್ತಕ ನೋಡಿ ಹೇಳಿದರು.

ಉತ್ತರ 2 (ಅಲಬಾಮಾದಿಂದ, ಕೃಷಿ ವಿಸ್ತರಣೆಯಲ್ಲಿ ಕೆಲಸ ಮಾಡುವವರು)

ಮೇಲಿನ ತಾಕಿನ ಗಂಟು ಇಲ್ಲಿಯೇ ಇದ್ದಂತಿದೆ. ಕಡಲೆಕಾಯಿ ಹೊಲದಲ್ಲಿ ಇಮಾಜಪಿಕ್ ಬಳಸಲು ಇರುವ ದೊಡ್ಡ ಕಾರಣಗಳಲ್ಲಿ ಒಂದು, ಅದು ಜೇಕಿನ ಜಾತಿಯ ಕಳೆಗಳನ್ನು ಚೆನ್ನಾಗಿ ಹಿಡಿತಕ್ಕೆ ತರುತ್ತದೆ ಎನ್ನುವುದು. ಚೂಫಾ ಸ್ವತಃ ಜೇಕಿನ ಜಾತಿಯೇ ಆಗಿರುವಾಗ ಆ ಔಷಧಕ್ಕೆ ಬೆಳೆ ಯಾವುದು, ಕಳೆ ಯಾವುದು ಎಂಬ ಭೇದ ತಿಳಿಯುವುದಿಲ್ಲ. ಅದು ಎಲೆಯಿಂದಲೂ ಬೇರಿನಿಂದಲೂ ಗಿಡದೊಳಕ್ಕೆ ಸೇರಿ, ಬೆಳವಣಿಗೆಗೆ ಬೇಕಾದ ಕೆಲವು ಅಮೈನೊ ಆಮ್ಲಗಳು ತಯಾರಾಗದಂತೆ ತಡೆಯುತ್ತದೆ. ಗಿಡ ಕೂಡಲೇ ಸಾಯದೆ ಕುಗ್ಗಿ, ಬಿಳಿಚಿಕೊಂಡು ನಿಲ್ಲುವುದು ಇದರಿಂದಲೇ. ಮಣ್ಣಿನಲ್ಲಿ ಇದರ ಶೇಷ ದೀರ್ಘಕಾಲ ಉಳಿಯುತ್ತದೆ. ಸಿಂಪಡಿಸಿದ ನೆಲದಲ್ಲಿ ಹತ್ತಿ ಬಿತ್ತಲು 18 ತಿಂಗಳು ಕಾಯಬೇಕೆಂದು ಅದರ ಲೇಬಲ್ಲೇ ಹೇಳುತ್ತದೆ. ನೀವು ಬಿತ್ತಿದ್ದು ಸಿಂಪಡಿಸಿದ ಹನ್ನೊಂದು ತಿಂಗಳಿಗೆ.

ಆದರೂ ಊಹೆಯ ಮೇಲೆ ಮುಂದಿನ ವರ್ಷದ ಯೋಜನೆ ಹಾಕಬೇಡಿ, ಪರೀಕ್ಷೆ ಮಾಡಿಯೇ ನಿರ್ಧರಿಸಿ. ಮೇಲಿನ ತಾಕಿನ ಐದಾರು ಕಡೆಯಿಂದ ಮೇಲ್ಪದರದ ಮಣ್ಣನ್ನು ತಂದು ಬೆರೆಸಿ ನಾಲ್ಕು ಕುಂಡಗಳಿಗೆ ತುಂಬಿ. ಔಷಧ ಬೀಳದ ಬೇಲಿಯಂಚಿನಿಂದ ಅದೇ ಬಗೆಯ ಮರಳು ಮಣ್ಣನ್ನು ತಂದು ಇನ್ನು ನಾಲ್ಕಕ್ಕೆ ತುಂಬಿ. ಎಲ್ಲದರಲ್ಲೂ ಒಂದೇ ಚೀಲದ ಚೂಫಾ ಗಡ್ಡೆಗಳನ್ನು ನೆಟ್ಟು, ಮನೆಯೊಳಗೆ ಬೆಚ್ಚಗಿರುವ, ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟು, ಒಂದೇ ಪ್ರಮಾಣದಲ್ಲಿ ನೀರು ಕೊಡಿ. ನಾಲ್ಕೈದು ವಾರಗಳಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಎರಡೂ ಒಂದೇ ರೀತಿ ಬೆಳೆದರೆ ನಾನು ಹೇಳಿದ ಕಾರಣ ತಪ್ಪು, ಆಗ ಬೇರೆಯದನ್ನು ಹುಡುಕೋಣ.

ಇದಕ್ಕೆ ಸೇರಿದ ಇನ್ನೊಂದು ಎಚ್ಚರಿಕೆ: ಚೂಫಾ ತಾಕಿನಲ್ಲಿ ಹುಲ್ಲಿನ ಕಳೆ ಬಂದರೆ ಕ್ಲೆಥೋಡಿಮ್‌ನಂತಹ, ಹುಲ್ಲನ್ನು ಮಾತ್ರ ಕೊಲ್ಲುವ ಔಷಧ ಜೇಕಿನ ಜಾತಿಗೆ ಹಾನಿ ಮಾಡುವುದಿಲ್ಲ. ಹ್ಯಾಲೋಸಲ್ಫ್ಯೂರಾನ್, ಬೆಂಟಜಾನ್ ಇವೆರಡನ್ನು ಮಾತ್ರ ಹತ್ತಿರವೂ ತರಬೇಡಿ, ಅವು ಜೇಕನ್ನು ಕೊಲ್ಲಲೆಂದೇ ಬಳಕೆಯಲ್ಲಿರುವವು. ಯಾವುದನ್ನು ಹೊಡೆಯುವ ಮೊದಲೂ ಲೇಬಲ್ ಓದಿ. ಇನ್ನು, ಕುಗ್ಗಿದ ಗಿಡಕ್ಕೆ ಎರಡನೆಯ ಸಲ ಸಾರಜನಕ ಕೊಟ್ಟದ್ದರಿಂದ ಉಪಯೋಗವಾಗಿರಲಾರದು. ಅದು ಅತಿಯಾದರೆ ಗಿಡ ಎಲೆಯ ಕಡೆಗೇ ವಾಲಿ, ಗಡ್ಡೆ ಕಡಿಮೆಯಾಗುತ್ತದೆ.

ಉತ್ತರ 1 (ದಕ್ಷಿಣ ಕ್ಯಾರೊಲೈನಾದಿಂದ)

ಕೆಳಗಿನ ತಾಕಿನ ಬಗ್ಗೆ ನಾನು ಹೇಳುತ್ತೇನೆ. ನಿಮ್ಮ ಬೆಳೆ ಅಲ್ಲಿ ಗೆದ್ದಿದೆ, ಅದರ ಬಾಗಿಲು ಮಾತ್ರ ಮುಚ್ಚಿದೆ. ಜೇಡಿ ಮಣ್ಣಿನಲ್ಲೂ ಚೂಫಾ ಗಡ್ಡೆ ಕಟ್ಟುತ್ತದೆ, ಆದರೆ ಒಣಗಿ ಹೆಪ್ಪುಗಟ್ಟಿದ ನೆಲವನ್ನು ಟರ್ಕಿಯ ಕಾಲು ಬಿಡಿಸಲಾರದು. ಅದಲ್ಲದೆ ನಿಮ್ಮ ಹಿಂಡು ಹಿಂದೆಂದೂ ಚೂಫಾವನ್ನು ಕಂಡಿಲ್ಲ. ಒಣಗಿದ ಹುಲ್ಲಿನ ಕೆಳಗೆ ಊಟವಿದೆಯೆಂದು ಅವಕ್ಕೆ ಯಾರು ಹೇಳಬೇಕು? ಮೊದಲ ವರ್ಷ ನನಗೂ ಹೀಗೆಯೇ ಆಗಿ, ಜನವರಿಯವರೆಗೆ ದಿನವೂ ಹೋಗಿ ನೋಡಿ ಬೇಸರದಿಂದ ಮರಳುತ್ತಿದ್ದೆ.

ಒಂದು ಮಳೆ ಬಿದ್ದು ಮಣ್ಣು ಹದಕ್ಕೆ ಬಂದಾಗ, ಕಾಡಿನ ಅಂಚಿನ ಕಡೆಯಿಂದ ಆರೇಳು ಅಡಿ ಅಗಲದ ಒಂದೇ ಒಂದು ಪಟ್ಟಿಯ ಮೇಲೆ ಡಿಸ್ಕನ್ನು ಬಹಳ ಹಗುರವಾಗಿ, ಎರಡು ಮೂರು ಅಂಗುಲಕ್ಕಿಂತ ಆಳಕ್ಕೆ ಹೋಗದಂತೆ ಎಳೆಯಿರಿ. ಗಡ್ಡೆಗಳು ಮೇಲೆ ಕಾಣಿಸುತ್ತವೆ. ಅದನ್ನು ತಿಂದು ಮುಗಿಸಿದ ಮೇಲೆ ಇನ್ನೊಂದು ಪಟ್ಟಿ. ಇಡೀ ತಾಕನ್ನು ಒಂದೇ ದಿನ ತೆರೆದರೆ ಕಾಗೆ, ಅಳಿಲುಗಳ ಪಾಲಾಗಿ ಫೆಬ್ರವರಿಯ ಹೊತ್ತಿಗೆ ಏನೂ ಉಳಿಯುವುದಿಲ್ಲ. ರುಚಿ ಹತ್ತಿದ ಹಿಂಡು ಆಮೇಲೆ ಮೆತ್ತಗಿರುವ ಕಡೆ ತಾನೇ ಕೆದಕಲು ಕಲಿಯುತ್ತದೆ.

ಹಂದಿಯ ವಿಷಯವನ್ನು ಇದಕ್ಕಿಂತ ಮೊದಲು ಬಗೆಹರಿಸಿ. ಹಂದಿಯ ಗುಂಪು ಚೂಫಾವನ್ನು ಒಮ್ಮೆ ಪತ್ತೆಹಚ್ಚಿದರೆ ಅರ್ಧ ಎಕರೆಯನ್ನು ಕೆಲವೇ ರಾತ್ರಿಗಳಲ್ಲಿ ಬರಿದುಮಾಡುತ್ತದೆ. ನೆಲದಿಂದ 8 ಅಂಗುಲಕ್ಕೆ ಒಂದು, 16 ಅಂಗುಲಕ್ಕೆ ಇನ್ನೊಂದು, ಹೀಗೆ ಎರಡು ಎಳೆಯ ವಿದ್ಯುತ್ ಬೇಲಿ ನನಗೆ ಚೆನ್ನಾಗಿ ಕೆಲಸ ಮಾಡಿದೆ. ಟರ್ಕಿಗಳು ಅದನ್ನು ಸುಲಭವಾಗಿ ದಾಟುತ್ತವೆ. ತಂತಿಗೆ ಹುಲ್ಲು ತಾಗಿದರೆ ಶಕ್ತಿ ಸೋರಿಹೋಗುತ್ತದೆ, ಆದ್ದರಿಂದ ಕೆಳಗಿನ ಹುಲ್ಲನ್ನು ಸವರುತ್ತಿರಬೇಕು.

ಕೊನೆಯದಾಗಿ ಕಾನೂನಿನ ಮಾತು. ನಿಮ್ಮ ರಾಜ್ಯದಲ್ಲಿ ಆಮಿಷ ಹಾಕಿದ ಜಾಗದಲ್ಲಿ ಟರ್ಕಿ ಬೇಟೆ ನಿಷಿದ್ಧ. ನೀವು ಬೇಟೆಯಾಡದಿದ್ದರೂ ನೆರೆಯವರು ಆಡುತ್ತಿರಬಹುದು. ಅಲ್ಲೇ ಬೆಳೆದ ಬೆಳೆ ಬೇರೆ, ಹೊರಗಿನಿಂದ ಗಡ್ಡೆ ತಂದು ನೆಲದ ಮೇಲೆ ಚೆಲ್ಲುವುದು ಬೇರೆ. ಎರಡನೆಯದನ್ನು ಎಂದೂ ಮಾಡಬೇಡಿ. ಡಿಸ್ಕ್ ಎಳೆಯುವ ಮೊದಲು ರಾಜ್ಯದ ವನ್ಯಜೀವಿ ಇಲಾಖೆಯವರನ್ನು ಒಮ್ಮೆ ಕೇಳಿಬಿಡಿ.

ಪ್ರಶ್ನೆ ಕೇಳಿದವರು (ಫೆಬ್ರವರಿ ಮೂರನೆಯ ವಾರ)

ತಡವಾಗಿ ಬರೆಯುತ್ತಿದ್ದೇನೆ, ಕುಂಡಗಳ ಫಲಿತಾಂಶಕ್ಕಾಗಿ ಕಾಯುತ್ತಿದ್ದೆ. ಬೇಲಿಯಂಚಿನ ಮಣ್ಣಿನಲ್ಲಿ ಚೂಫಾ ಗೇಣೂವರೆ ಎತ್ತರ ಹಸಿರಾಗಿ ಬೆಳೆದಿದೆ. ತಾಕಿನ ಮಣ್ಣಿನ ನಾಲ್ಕೂ ಕುಂಡಗಳಲ್ಲಿ ಮೊಳಕೆ ಬಂದು, ಮೂರು ಬೆರಳಿನಷ್ಟಕ್ಕೆ ನಿಂತು ಹಳದಿಯಾಗಿದೆ. ಬೇಸಿಗೆಯಲ್ಲಿ ನಾನು ಹೊಲದಲ್ಲಿ ಕಂಡದ್ದೂ ಇದೇ ಬಣ್ಣ.

ಇಲಾಖೆಯವರೊಡನೆ ಮಾತನಾಡಿ, ಬೇಲಿ ಹಾಕಿಸಿ, ಜನವರಿ ಮಳೆಯ ನಂತರ ಮೊದಲ ಪಟ್ಟಿಯನ್ನು ತೆರೆದೆ. ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೆಯ ದಿನ ಕ್ಯಾಮೆರಾದಲ್ಲಿ ಎರಡು ಹೇಂಟೆಗಳು, ಅದರ ಮರುವಾರ ಹದಿನಾಲ್ಕು. ಈಗ ಮೂರನೆಯ ಪಟ್ಟಿ ನಡೆಯುತ್ತಿದೆ. ನಿನ್ನೆ ಡಿಸ್ಕ್ ಮುಟ್ಟದ ಜಾಗದಲ್ಲೂ ಕೆದಕಿದ ಗುರುತುಗಳಿದ್ದವು, ಪಕ್ಕದಲ್ಲಿ ತಾವು ಹೇಳಿದ್ದ ಕೊಕ್ಕೆಯಾಕಾರದ ಹಿಕ್ಕೆ. ಅದನ್ನು ನೋಡಿ ನನಗಾದ ಸಂತೋಷವನ್ನು ಇಲ್ಲಿರುವವರಿಗೆ ವಿವರಿಸಬೇಕಾಗಿಲ್ಲ. ಮುಂದಿನ ಹಂಗಾಮಿಗೆ ಎರಡೂ ತಾಕುಗಳಲ್ಲಿ ಏನು ಮಾಡಲಿ?

ಉತ್ತರ 2 (ಅಲಬಾಮಾದಿಂದ)

ಪರೀಕ್ಷೆ ಮಾಡಿ ತಿಳಿಸಿದ್ದಕ್ಕೆ ಕೃತಜ್ಞತೆಗಳು. ಮೇಲಿನ ತಾಕಿಗೆ ಈ ವರ್ಷ ಚೂಫಾ ಬೇಡ. ಮುಂದಿನ ಚಳಿಗಾಲದಲ್ಲಿ ಕುಂಡದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಎರಡೂ ಮಣ್ಣಿನ ಗಿಡಗಳು ಸಮನಾಗಿ ಬೆಳೆದರೆ ಮಾತ್ರ ಬಿತ್ತಿ. ಕೆಳಗಿನದರಲ್ಲಿ ಟರ್ಕಿಗಳು ಬಿಟ್ಟ ಗಡ್ಡೆಗಳೇ ಬೀಜವಾಗುತ್ತವೆ: ಏಪ್ರಿಲ್ ಕೊನೆಯಲ್ಲಿ ನೆಲ ಬೆಚ್ಚಗಾದ ಮೇಲೆ ಡಿಸ್ಕ್ ಎಳೆದು ಮೊಳಕೆ ಎಷ್ಟು ದಟ್ಟವಾಗಿದೆ ನೋಡಿ, ತೆಳ್ಳಗಿರುವ ಕಡೆ ಮಾತ್ರ ಹೊಸ ಗಡ್ಡೆ ಎರಚಿ, ಮಣ್ಣು ಪರೀಕ್ಷೆಯ ಪ್ರಕಾರ ಸುಣ್ಣ ಮತ್ತು ಗೊಬ್ಬರ ಕೊಡಿ. ಎರಡನೆಯ ವರ್ಷದ ನಂತರ ಆ ಜಾಗಕ್ಕೆ ಬಿಡುವು ಕೊಟ್ಟು ಚೂಫಾವನ್ನು ಬೇರೆಡೆಗೆ ಸಾಗಿಸಿ, ಏಕೆಂದರೆ ಒಂದೇ ನೆಲದಲ್ಲಿ ಮುಂದುವರಿಸಿದರೆ ಕೀಟ, ರೋಗಗಳು ನೆಲೆಯೂರಿ ಇಳುವರಿ ಕುಸಿಯುತ್ತದೆ. ತರಕಾರಿ ತೋಟದ ಪಕ್ಕಕ್ಕೆ ಮಾತ್ರ ಒಯ್ಯಬೇಡಿ. ಜೇಕು ತೋಟಕ್ಕೆ ನುಗ್ಗಿದರೆ ಏನಾಗುತ್ತದೆಂದು ನಿಮ್ಮ ತಂದೆಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ.