ಬಳಚಿನ ನೀರಿಗೆ ಬೆಳ್ಳಿ ಲೇಪಿಸಿದ ರಾಮನ್ ಪಟ್ಟಿ: 730ರ ಪೀಕ್ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ

ತದಡಿ_ತೀರ:
ನಮಸ್ಕಾರ. ಅಘನಾಶಿನಿ ಅಳಿವೆಯ ನೀರು ಮತ್ತು ಬಳಚಿನಲ್ಲಿ (ತಿನ್ನುವ ಚಿಪ್ಪುಜೀವಿ) ವಿಬ್ರಿಯೊ, ಇ. ಕೋಲೈ ಬ್ಯಾಕ್ಟೀರಿಯಾ ಇವೆಯೇ ಎಂದು ಬೇಗ ನೋಡಲು ರಾಮನ್ ಓದಿಗೆ (ಲೇಸರ್ ಬಿಟ್ಟು, ಚದುರಿ ಬರುವ ಬೆಳಕಿನ ಪೀಕ್‌ಗಳಿಂದ ವಸ್ತು ಗುರುತಿಸುವುದು; ಬೆಳ್ಳಿ ಆ ಸಿಗ್ನಲ್ ಹೆಚ್ಚಿಸುತ್ತದೆ) ಕಾಗದದ ಪಟ್ಟಿ ಮಾಡುತ್ತಿದ್ದೇವೆ. ಪೀಕ್ ಸಂಖ್ಯೆಗಳೆಲ್ಲ cm⁻¹ನಲ್ಲಿ. 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 18 ಮಿ.ಗ್ರಾಂ ಸಿಲ್ವರ್ ನೈಟ್ರೇಟ್, ಕುದಿ ಬಂದ ಮೇಲೆ 1% ಸೋಡಿಯಂ ಸಿಟ್ರೇಟ್ 2 ಮಿ.ಲೀ., ಒಂದು ತಾಸು ಕುದಿ. ವಾಟ್‌ಮನ್ 1 ಫಿಲ್ಟರ್ ಕಾಗದದ 5 ಮಿ.ಮೀ. ಬಿಲ್ಲೆಗೆ ಅದರ 5 ಮೈಕ್ರೊಲೀಟರ್ ಹಾಕಿ ಒಣಗಿಸಿ, ಮೇಲೆ 5 ಮೈಕ್ರೊಲೀಟರ್ ಅಳಿವೆಯ ನೀರು. 785 ನ್ಯಾನೊಮೀಟರ್ ಪೋರ್ಟಬಲ್ ರಾಮನ್ ಯಂತ್ರ, 50 ಮಿಲಿವ್ಯಾಟ್, ಲೇಸರ್ ಚುಕ್ಕೆ ಸುಮಾರು 100 ಮೈಕ್ರಾನ್.

ಬ್ಯಾಕ್ಟೀರಿಯಾದ 730ರ ಪೀಕಿಗೆ ಕಾರಣವಾದ ಅಡೆನಿನ್ (ಡಿಎನ್ಎಯ ಒಂದು ಘಟಕ) ದ್ರಾವಣ ಹಾಕಿದರೆ 735ರಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಮಿ.ಲೀ.ಗೆ 1 ಲಕ್ಷ ಕೋಶ ಬೆರೆಸಿದ ನೀರಿನಲ್ಲಿ 730 ಹತ್ತು ಸಲಕ್ಕೆ ಒಂದೆರಡು ಸಲ ಮಾತ್ರ. 240ರಲ್ಲಿ ಮಾತ್ರ ದೊಡ್ಡ ಪೀಕ್ ಯಾವಾಗಲೂ ಇದೆ. 1350, 1580ರಲ್ಲಿ ದಪ್ಪ ಗುಡ್ಡ. ಮಳೆಗಾಲದಲ್ಲಿ ಪಟ್ಟಿ ಎಂಟು ದಿನಕ್ಕೆ ಕಪ್ಪಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇವೆ?

ಕಾಳಿ_ಅಳಿವೆ:
ಬೆಳ್ಳಿ ಮಾಡುವ ವಿಧಾನ ಸರಿಯೇ ಇದೆ. ಮೊದಲು ಲೆಕ್ಕ ಹಾಕಿ ನೋಡಿ. ಮಿ.ಲೀ.ಗೆ 1 ಲಕ್ಷ ಅಂದರೆ 5 ಮೈಕ್ರೊಲೀಟರಿನಲ್ಲಿ 500 ಕೋಶ. ಅವು 5 ಮಿ.ಮೀ. ಬಿಲ್ಲೆಯ ಸುಮಾರು 20 ಚದರ ಮಿ.ಮೀ.ನಲ್ಲಿ ಹರಡುತ್ತವೆ. 100 ಮೈಕ್ರಾನ್ ಚುಕ್ಕೆಯ ಕೆಳಗೆ ಸಿಗುವುದು ಸರಾಸರಿ 0.2 ಕೋಶ. ಐದು ಸಲ ಲೇಸರ್ ಬಿಟ್ಟರೆ ಒಂದು ಸಲ ಸಿಕ್ಕೀತು. ನಿಮಗೆ ಆಗುತ್ತಿರುವುದೂ ಅದೇ.

240ರ ಪೀಕ್ ಬೆಳ್ಳಿ-ಕ್ಲೋರೈಡ್ ಬಂಧದ್ದು. ಅಳಿವೆಯ ಉಪ್ಪು ಬೆಳ್ಳಿಯ ಮೈಯನ್ನೇ ಮುಚ್ಚುತ್ತಿದೆ. ಸ್ವಲ್ಪ ಉಪ್ಪು ಕಣಗಳನ್ನು ಗುಂಪುಗೂಡಿಸಿ ಸಿಗ್ನಲ್ ಹೆಚ್ಚಿಸುತ್ತದೆ, ಸಮುದ್ರದ ಮಟ್ಟಕ್ಕೆ, ಅಂದರೆ ಲೀಟರಿಗೆ 35 ಗ್ರಾಂವರೆಗೆ ಹೋದರೆ ಕೆಡಿಸುತ್ತದೆ. ಬೇಸಿಗೆಯ ಉಬ್ಬರದ ನೀರಿಗೂ ಜುಲೈ ನೀರಿಗೂ ಫಲಿತಾಂಶ ಬೇರೆಯಾಗುವುದು ಇದರಿಂದಲೇ.

ಆದ್ದರಿಂದ ಕಾಗದ ಬಿಟ್ಟು ಹೈಡ್ರೊಫಿಲಿಕ್ (ನೀರು ಹಿಡಿಯುವ) ಪಿವಿಡಿಎಫ್ ಪ್ಲಾಸ್ಟಿಕ್ ಮೆಂಬ್ರೇನ್ ತೆಗೆದುಕೊಳ್ಳಿ, 0.45 ಮೈಕ್ರಾನ್. ಕಾಗದದಷ್ಟೇ ಬಾಗುತ್ತದೆ, ಅದರ ಸ್ವಂತ ಪೀಕ್ 800-840ರ ಸುತ್ತ ಇರುವುದರಿಂದ 730ಕ್ಕೆ ಅಡ್ಡ ಬರುವುದಿಲ್ಲ. ಕೆಸರು ತೆಗೆಯಲು ನೀರನ್ನು 5 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಆಮೇಲೆ 10 ಮಿ.ಲೀ.ಯನ್ನು ಸಿರಿಂಜಿನಿಂದ ಮೆಂಬ್ರೇನಿನ ಮೂಲಕ ನಿಧಾನವಾಗಿ ತಳ್ಳಿ, 3 ಮಿ.ಮೀ. ತೂತಿನ ಮುಚ್ಚಳ ಇಟ್ಟು. ಆಗ 10 ಲಕ್ಷ ಕೋಶ 7 ಚದರ ಮಿ.ಮೀ.ನಲ್ಲಿ ಕೂರುತ್ತವೆ, ಒಂದು ಚುಕ್ಕೆಗೆ ಸಾವಿರಕ್ಕೂ ಹೆಚ್ಚು. ಬೆಳ್ಳಿ ಹಾಕುವುದು ಕೊನೆಯಲ್ಲಿ: 1 ಮಿ.ಲೀ. ಕೊಲಾಯ್ಡ್ (ನೀವು ಕುದಿಸಿ ಮಾಡಿದ ಬೆಳ್ಳಿ ಕಣಗಳ ನೀರು) ಸೆಂಟ್ರಿಫ್ಯೂಜ್ ಮಾಡಿ, ಮೇಲಿನ 950 ಮೈಕ್ರೊಲೀಟರ್ ತೆಗೆದು, ತಳದ ಗಟ್ಟಿ ಭಾಗದ 5 ಮೈಕ್ರೊಲೀಟರ್ ಕೋಶಗಳ ಮೇಲೆ. ಮೊದಲು ಕೋಶ, ಮೇಲೆ ಬೆಳ್ಳಿ.

ಶಿರಸಿ_ಸ್ಪೆಕ್ಟ್ರಾ:
1350 ಮತ್ತು 1580 ಬ್ಯಾಕ್ಟೀರಿಯಾದ್ದಲ್ಲ, ಇಂಗಾಲದ್ದು. 50 ಮಿಲಿವ್ಯಾಟಿಗೆ ಬೆಳ್ಳಿಯ ಮೇಲಿನ ಸಿಟ್ರೇಟ್, ಕೋಶ ಎರಡೂ ಸುಡುತ್ತಿವೆ. ಪಟ್ಟಿಯನ್ನು ಲೆನ್ಸಿನಲ್ಲಿ ನೋಡಿದರೆ ಸೂಜಿಮೊನೆಯಷ್ಟು ಕಂದು ಕಲೆ ಕಂಡೀತು. 5 ಮಿಲಿವ್ಯಾಟಿಗೆ ಇಳಿಸಿ, 10 ಸೆಕೆಂಡಿನ ಮೂರು ಓದು, ಪಟ್ಟಿಯ ಕನಿಷ್ಠ 15 ಜಾಗಗಳಲ್ಲಿ. ಹನಿ ಒಣಗುವಾಗ ಬೆಳ್ಳಿ ಅಂಚಿಗೆ ಓಡಿ ಉಂಗುರ ಕಟ್ಟುತ್ತದೆ, ನಡುವನ್ನಷ್ಟೇ ಓದಿದರೆ ಮೋಸ ಹೋಗುತ್ತೀರಿ. ದಿನದ ಮೊದಲ ಕೆಲಸ ಸಿಲಿಕಾನ್ ತುಂಡಿನ 520.7 ಸರಿ ಬಂತೇ ನೋಡುವುದು.

ಕಪ್ಪಾಗುವುದಕ್ಕೆ ತೇವದ ಜೊತೆ ಗಂಧಕವೂ ಕಾರಣ. ಇಳಿತದ ಹೊತ್ತಿಗೆ ಕಾಂಡ್ಲಾ (ಮ್ಯಾಂಗ್ರೋವ್) ಕೆಸರಿನಿಂದ ಬರುವ ಕೊಳೆತ ಮೊಟ್ಟೆಯ ವಾಸನೆಯೇ ಹೈಡ್ರೋಜನ್ ಸಲ್ಫೈಡ್, ಅದು ಬೆಳ್ಳಿಯನ್ನು ಸಿಲ್ವರ್ ಸಲ್ಫೈಡ್ ಮಾಡುತ್ತದೆ. ಮೇಲಿನವರು ಹೇಳಿದಂತೆ ಬೆಳ್ಳಿ ಕೊನೆಗೆ ಹಾಕಿದರೆ ಪಟ್ಟಿ ಕೂಡಿಡುವ ತೊಂದರೆಯೇ ಇಲ್ಲ. ಕೊಲಾಯ್ಡನ್ನು ಕಂದು ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ಹೆಪ್ಪುಗಟ್ಟಿದರೆ ಕಣಗಳು ಅಂಟಿಕೊಳ್ಳುತ್ತವೆ.

ತದಡಿ_ತೀರ:
ತುಂಬಾ ಉಪಕಾರ ಆಯ್ತು. ಉಪ್ಪು ತೆಗೆಯಲು ಮೆಂಬ್ರೇನನ್ನು ಡಿಸ್ಟಿಲ್ಡ್ ನೀರಿನಲ್ಲಿ ಎಷ್ಟು ಸಲ ತೊಳೆಯಬೇಕು? ಬ್ರಾತಿನಲ್ಲಿ (ಪೋಷಕ ದ್ರವದಲ್ಲಿ) ಬ್ಯಾಕ್ಟೀರಿಯಾ ಬೆಳೆಸಿ ಹಾಕಿದಾಗ 730 ಜೋರಾಗಿ ಬರುತ್ತದೆ, ಅದನ್ನೇ ನಂಬಬಹುದೇ?

ಕಾಳಿ_ಅಳಿವೆ:
ಬ್ರಾತ್ ನಂಬಬೇಡಿ ಮಾರಾಯ್ರೆ! ಯೀಸ್ಟ್ ಎಕ್ಸ್‌ಟ್ರಾಕ್ಟ್ ತುಂಬ ಅಡೆನಿನ್ ಜಾತಿಯ ವಸ್ತುಗಳೇ ಇವೆ. ಕೋಶ ಇಲ್ಲದ ಬ್ರಾತನ್ನೂ ಅದೇ ದಾರಿಯಲ್ಲಿ ಸೋಸಿ, ತೊಳೆದು ಓದಿ. ಅದರಲ್ಲೂ 730 ಬಂದರೆ ನಿಮ್ಮ ತೊಳೆತ ಸಾಲದು.

ತೊಳೆಯುವಾಗ ವಿಬ್ರಿಯೊ ನೆನಪಿರಲಿ. ಅವುಗಳಲ್ಲಿ ಹೆಚ್ಚಿನವು ಉಪ್ಪಿನ ಜೀವಿಗಳು, ಸಿಹಿನೀರಿನಲ್ಲಿ ಒಡೆದುಹೋಗುತ್ತವೆ. ಒಳಗಿನ ಪ್ಯೂರಿನ್ (ಅಡೆನಿನ್ ಜಾತಿಯ ವಸ್ತು) ಸೋರಿ ಸೋಸಿದ ನೀರಿನೊಂದಿಗೆ ಹೊರಟೇ ಹೋಗುತ್ತದೆ. 3% ಶುದ್ಧ ಉಪ್ಪುನೀರಿನಲ್ಲಿ 5 ಮಿ.ಲೀ.ಯಂತೆ ಎರಡು ಸಲ, ಕೊನೆಗೆ ಡಿಸ್ಟಿಲ್ಡ್ ನೀರು 1 ಮಿ.ಲೀ. ಒಂದೇ ಸಲ, ತಕ್ಷಣ ಬೆಳ್ಳಿ. ಈ ನಡುವಿನ ಸಮಯ ಪ್ರತಿ ಮಾದರಿಗೂ ಒಂದೇ ಇರಲಿ, ಸ್ಟಾಪ್‌ವಾಚ್ ಹಿಡಿದೇ ಮಾಡಿ. ನೀರಿನಲ್ಲಿ ನಿಂತಷ್ಟೂ ಪೀಕ್ ಬದಲಾಗುತ್ತದೆ.

ಇನ್ನೊಂದು ಮಾತು: 730 ಯಾವ ಬ್ಯಾಕ್ಟೀರಿಯಾ ಎಂದು ಹೇಳುವುದಿಲ್ಲ. ಅಳಿವೆಯ ನೀರಿನಲ್ಲಿ ನಿರುಪದ್ರವಿ ಬ್ಯಾಕ್ಟೀರಿಯಾ ಬೇಕಾದಷ್ಟಿವೆ. ವಿಬ್ರಿಯೊ ಬೇಕಿದ್ದರೆ ಮೊದಲು ಆಲ್ಕಲೈನ್ ಪೆಪ್ಟೋನ್ ವಾಟರಿನಲ್ಲಿ ಬೆಳೆಸಿಕೊಳ್ಳಿ, ಜೊತೆಗೆ ಟಿಸಿಬಿಎಸ್ (ವಿಬ್ರಿಯೊ ಬೆಳೆಸಿ ಗುರುತಿಸುವ) ಪ್ಲೇಟ್ ಹಾಕಿ. ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಅಲ್ಲಿ ಹಸಿರು, ಕಾಲರಾ ತರುವ ವಿಬ್ರಿಯೊ ಹಳದಿ. ಯುರೋಪಿನಲ್ಲಿ ನೇರ ತಿನ್ನಲು ಮಾರುವ ಚಿಪ್ಪುಜೀವಿಗೆ ಇ. ಕೋಲೈ ಮಿತಿ 100 ಗ್ರಾಂ ಮಾಂಸಕ್ಕೆ 230. ಅಂದರೆ ಗ್ರಾಮಿಗೆ ಎರಡು ಚಿಲ್ಲರೆ. ಬೆಳೆಸದೆ ಇದನ್ನು ಯಾವ ಪಟ್ಟಿಯೂ ನೇರವಾಗಿ ತೋರಿಸಲಾರದು, ಬಳಚು ತಿನ್ನಬಹುದು ಎಂದು ಪಟ್ಟಿ ನೋಡಿ ಯಾರಿಗೂ ಹೇಳಬೇಡಿ.

ಬೆಳೆಸಿದ ಮಾದರಿ, ಓದಿದ ಮೆಂಬ್ರೇನ್ ಎಲ್ಲ ಆಟೋಕ್ಲೇವಿಗೆ, 121 ಡಿಗ್ರಿ, 15-20 ನಿಮಿಷ. ಉಳಿದ ಬೆಳ್ಳಿ ನೀರು ಸಿಂಕಿಗೆ ಬೇಡ, ಬೇರೆ ಕ್ಯಾನಿನಲ್ಲಿ ತುಂಬಿಡಿ.