ಗಾಂಜಾ ಕಾನೂನುಬದ್ಧ ಆದರೆ ನಮ್ಮ ಕಡೆಯ ಹುಡುಗರಿಗೆ, ರೈತರಿಗೆ ಏನಾಗುತ್ತದೆ?

ಬನಹಟ್ಟಿಯ ಅಕ್ಕ:

ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ. ಮನೆಯ ಹೊರಗೆ ಇದನ್ನು ಹೇಳುತ್ತಿರುವುದು ಇದೇ ಮೊದಲು.

ನಮ್ಮದು ಬಾಗಲಕೋಟೆ ಜಿಲ್ಲೆಯ ಬನಹಟ್ಟಿ. ಮನೆಯ ಹಿಂದೆ ನಾಲ್ಕು ಪವರ್‌ಲೂಮ್ ಮಗ್ಗ. ನಾನೂ ತಮ್ಮನೂ ತೊಟ್ಟಿಲಲ್ಲಿ ಇದ್ದಾಗಿನಿಂದ ಆ ಸದ್ದಿನಲ್ಲೇ ಬೆಳೆದವರು. ರಾತ್ರಿ ಕರೆಂಟ್ ಹೋಗಿ ಮಗ್ಗ ನಿಂತರೆ ನಮಗೆ ಎಚ್ಚರವಾಗುತ್ತಿತ್ತು. ತಮ್ಮ ಡಿಪ್ಲೊಮಾ ಓದಲು ಬೆಳಗಾವಿಗೆ ಹೋಗಿ ರೂಮ್ ಮಾಡಿದ. ಹೋದ ದೀಪಾವಳಿಗೆ ಬಂದವನು, ಮಗ್ಗ ಚಾಲು ಮಾಡಿದ ಕೂಡಲೇ ಎರಡೂ ಕಿವಿ ಮುಚ್ಚಿಕೊಂಡು ನೂಲಿನ ಚೀಲಗಳ ಹಿಂದೆ ಹೋಗಿ ಕೂತ. "ಅಕ್ಕಾ, ಬಂದ್ ಮಾಡಸು. ಅದು ನನ್ನ ಹೆಸರು ಹಿಡದು ಕರೀತೈತಿ" ಅಂದ.

ನಾನು ನಕ್ಕುಬಿಟ್ಟೆ. ಅದು ಈಗಲೂ ಚುಚ್ಚುತ್ತದೆ.

ಎರಡು ದಿನ ಆದಮೇಲೆ ಅವ್ವ ಅವನ ಬ್ಯಾಗ್ ಒಗೆಯಲು ತೆಗೆದಳು. ಪೇಪರ್ ಪೊಟ್ಟಣದಲ್ಲಿ ಒಣಗಿದ ಹಸಿರು ಪುಡಿ, ಜೊತೆಗೆ ಒಂದಿಷ್ಟು ಬೀಜ. ಅವ್ವ ಅದನ್ನು ಯಾವುದೋ ಆಯುರ್ವೇದದ ಸೊಪ್ಪು ಅಂದುಕೊಂಡು ತಟ್ಟೆಯಲ್ಲಿ ಹರವಿ ಬಿಸಿಲಿಗೆ ಇಟ್ಟಿದ್ದಳು. ಅಪ್ಪ ಮೂಸಿ ನೋಡಿದವನು ತಟ್ಟೆ ಸಮೇತ ಒಳಗೆ ತಂದು ಬಾಗಿಲು ಹಾಕಿದ.

ಈಗ ನಾನು ಕೇಳಬೇಕಾದ ಮಾತಿಗೆ ಬರುತ್ತೇನೆ. ನಾವು ಎರಡು ತಿಂಗಳು ಅವನನ್ನು ಯಾವ ಡಾಕ್ಟರ್ ಹತ್ತಿರವೂ ಕರೆದುಕೊಂಡು ಹೋಗಲಿಲ್ಲ. ಅಪ್ಪನದು ಒಂದೇ ಮಾತು: "ಆಸ್ಪತ್ರೆಯವರು ಪೊಲೀಸರಿಗೆ ಹೇಳುತ್ತಾರೆ, ಕೇಸ್ ಆಗುತ್ತದೆ, ಹುಡುಗನ ಜೀವನ ಮುಗಿಯುತ್ತದೆ." ಆ ಎರಡು ತಿಂಗಳಲ್ಲಿ ಅವನು ನಿದ್ದೆ ಬಿಟ್ಟ, ಊಟ ಬಿಟ್ಟ. ನಾನು ಮಾಡಿದ ರೊಟ್ಟಿಯನ್ನು ಮೊದಲು ನನಗೆ ತಿನ್ನಿಸಿ ನೋಡಿ ಆಮೇಲೆ ತಿನ್ನುತ್ತಿದ್ದ.

ಕೆನಡಾದಲ್ಲಿರುವ ನಮ್ಮ ದೊಡ್ಡಪ್ಪನ ಮಗ ಫೋನಿನಲ್ಲಿ ಹೇಳಿದ: ಅಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ಅಂಗಡಿಯಲ್ಲಿ ವಯಸ್ಸು ನೋಡಿ ಕೊಡುತ್ತಾರೆ. ಡಬ್ಬಿಯ ಮೇಲೆ ಎಷ್ಟು ನಶೆ ಅಂತ ಬರೆದಿರುತ್ತದೆ. ಸರ್ಕಾರಕ್ಕೆ ತೆರಿಗೆ ಬರುತ್ತದೆ. ಇಲ್ಲೂ ಹಾಗೆ ಮಾಡಿದ್ದರೆ ನಿನ್ನ ತಮ್ಮ ಬಚಾವ್ ಆಗುತ್ತಿದ್ದ ಅಂದ. ಹೌದಾ? ಅಂಗಡಿ ಇದ್ದಿದ್ದರೆ ಅವನು ಉಳಿಯುತ್ತಿದ್ದನಾ, ಇನ್ನೂ ಬೇಗ ಹಾಳಾಗುತ್ತಿದ್ದನಾ? ನನಗೆ ತಲೆ ಓಡುತ್ತಿಲ್ಲ. ನಮ್ಮ ಕಡೆಯ ಪರಿಸ್ಥಿತಿ ಗೊತ್ತಿರುವವರು ಹೇಳಿ.

ನಿಪ್ಪಾಣಿ ಸಿಸ್ಟರ್:

ಅಕ್ಕಾ, ಮೊದಲು ತಮ್ಮನ ಬಗ್ಗೆ ಹೇಳುತ್ತೇನೆ. ನಾನು ಮಾನಸಿಕ ರೋಗಿಗಳ ವಾರ್ಡಿನಲ್ಲಿ ಸ್ಟಾಫ್ ನರ್ಸ್. ನೀವು ಬರೆದದ್ದನ್ನು ನಾನು ತಿಂಗಳಿಗೆ ಎರಡು ಮೂರು ಸಲ ಕೇಳುತ್ತೇನೆ. ಹೆಸರು ಹಿಡಿದು ಕರೆಯುವ ದನಿ, ಊಟದಲ್ಲಿ ವಿಷ ಇದೆ ಅನ್ನುವ ಸಂಶಯ. ಗಾಂಜಾ ಸೇದಿದವರಿಗೆಲ್ಲ ಹೀಗಾಗುವುದಿಲ್ಲ. ಆದರೆ ಹದಿನಾರು ಹದಿನೇಳಕ್ಕೆ ಶುರು ಮಾಡಿ ದಿನಾ ಸೇದುವವರಿಗೆ, ಮನೆತನದಲ್ಲಿ ಇಂಥ ಕಾಯಿಲೆ ಇದ್ದವರಿಗೆ ಅಪಾಯ ಜಾಸ್ತಿ. ಮೆದುಳು ಇಪ್ಪತ್ತೈದರವರೆಗೂ ಬೆಳೆಯುತ್ತಲೇ ಇರುತ್ತದೆ. ತಡ ಮಾಡಬೇಡಿ. ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಹೋಗುವ ಮುಂಚೆ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಚಟ ಬಿಡಿಸುವುದಕ್ಕೆ 14446 ಇದೆ.

ಇನ್ನು ಅಂಗಡಿಯ ಮಾತು. ನಾನು ನಿಪ್ಪಾಣಿಯವಳು. ನಮ್ಮ ಊರಿನ ಅನ್ನವೇ ಒಂದು ಕಾನೂನುಬದ್ಧ ಎಲೆಯಿಂದ ಬಂದದ್ದು, ತಂಬಾಕು. ಅವ್ವ ಮೂವತ್ತು ವರ್ಷ ಬೀಡಿ ಕಟ್ಟಿದಳು. ಮೊರ ತೊಡೆಯ ಮೇಲೆ, ಬಾಯಲ್ಲಿ ದಾರದ ತುದಿ. ಬೀಡಿ ಎಲೆಯನ್ನು ತಗಡಿನ ಅಳತೆ ಇಟ್ಟು ಕತ್ತರಿಸಿ, ಚಿಟಿಕೆ ಜರ್ದಾ (ತಂಬಾಕಿನ ಪುಡಿ) ಹಾಕಿ ಸುತ್ತುವುದು. ಸಾವಿರಕ್ಕೆ ಇಷ್ಟು ಅಂತ ಕೂಲಿ. ಕೊಡಲು ಹೋದಾಗ ಚಲೋ ಇಲ್ಲ ಅಂತ ನೂರು ಇನ್ನೂರು ಬೀಡಿ ತೆಗೆದು ಬದಿಗೆ ಹಾಕುತ್ತಿದ್ದರು. ಆ ಬೀಡಿಗೆ ಕೂಲಿ ಇಲ್ಲ, ಬೀಡಿಯೂ ವಾಪಸ್ ಇಲ್ಲ. ನಮ್ಮ ಕಡೆಯ ತಂಬಾಕು ರೈತರು 1981ರಲ್ಲಿ ಬೆಲೆ ಕೇಳಿ ಹೆದ್ದಾರಿಯಲ್ಲಿ ಕೂತರು. ರೈತ ನಾಯಕ ಶರದ್ ಜೋಶಿ ಮುಂದೆ ನಿಂತಿದ್ದರು. ಗೋಲಿಬಾರ್ ಆಗಿ ರೈತರು ಸತ್ತರು. ತಂಬಾಕು ಆಗಲೂ ಕಾನೂನುಬದ್ಧವೇ ಇತ್ತು, ತೆರಿಗೆಯೂ ಸರ್ಕಾರಕ್ಕೆ ಹೋಗುತ್ತಿತ್ತು. ಅವ್ವನ ಕೆಮ್ಮು ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು.

ನಿಮ್ಮ ಅಣ್ಣ ಡಬ್ಬಿಯ ಮೇಲೆ ನಶೆ ಎಷ್ಟು ಅಂತ ಬರೆದಿರುತ್ತದೆ ಅಂದರಲ್ಲ, ಅದು ಗಾಂಜಾದಲ್ಲಿ ನಶೆ ಏರಿಸುವ ಅಂಶ, ಟಿಎಚ್‌ಸಿ. ಅಮೆರಿಕದಲ್ಲಿ ಪೊಲೀಸರು ಹಿಡಿದ ಮಾಲಿನಲ್ಲಿ 1995ರ ಸುಮಾರಿಗೆ ಅದು ಶೇ 4 ಇತ್ತು, 2014ಕ್ಕೆ ಶೇ 12 ಆಗಿತ್ತು. ಈಗ ಅಲ್ಲಿನ ಅಂಗಡಿಗಳಲ್ಲಿ ಶೇ 20 ದಾಟಿದ್ದು ಸಾಮಾನ್ಯ. ವ್ಯಾಪಾರಕ್ಕೆ ಕೂತವನು ಜಾಸ್ತಿ ಏರುವ ಮಾಲನ್ನೇ ಮುಂದೆ ಇಡುತ್ತಾನೆ, ಅಲ್ವಾ?

ಶಹಾಪುರ ಬೆಳಗಾವಿ:

ಸಿಸ್ಟರ್, ನಿಮ್ಮ ಮಾತಿಗೆ ಗೌರವ ಇದೆ. ಆದರೆ ನನ್ನ ಸಿಟ್ಟು ಬೇರೆ ಕಡೆ. ನಮ್ಮ ಅಪ್ಪ ಕುಡಿದು ಲಿವರ್ ಹೋಗಿ 46ಕ್ಕೆ ತೀರಿಕೊಂಡರು. ಕೊನೆಯ ದಿನದವರೆಗೂ ಅಂಗಡಿಯವನು ಬಿಲ್ ಕೊಟ್ಟೇ ಬಾಟಲಿ ಕೊಟ್ಟ. 2025-26ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿ ಗುರಿ 40 ಸಾವಿರ ಕೋಟಿ ರೂಪಾಯಿ ಇತ್ತು. ದೆಹಲಿಯ ಏಮ್ಸ್ ಆಸ್ಪತ್ರೆ ಮಾಡಿ 2019ರಲ್ಲಿ ಹೊರಬಂದ ದೇಶದ ಸಮೀಕ್ಷೆ ನೋಡಿ: ಕುಡಿಯುವವರು 16 ಕೋಟಿ. ಅದರಲ್ಲಿ 5.7 ಕೋಟಿ ಜನರಿಗೆ ಕುಡಿತದಿಂದಲೇ ತೊಂದರೆ, ಅವರಿಗೆ ಸಹಾಯ ಬೇಕು. ಭಂಗಿ, ಗಾಂಜಾ, ಚರಸ್ ಎಲ್ಲ ಸೇರಿ ಬಳಸುವವರು 3.1 ಕೋಟಿ. ಒಂದಕ್ಕೆ ಲೈಸೆನ್ಸ್, ಇನ್ನೊಂದಕ್ಕೆ ಬೇಡಿ. ಇದು ನ್ಯಾಯ ಅಂತ ನನಗೆ ಯಾರಾದರೂ ಒಪ್ಪಿಸಲಿ. ನಮ್ಮ ಜಾತ್ರೆಗಳಲ್ಲಿ ಸಾಧುಗಳು ಚಿಲುಮೆ ಸೇದುವುದನ್ನು ನೋಡಿ ಬೆಳೆದಿದ್ದೇವೆ, ಯಾರಿಗೂ ತೊಂದರೆ ಆಗಿದ್ದು ಕಾಣಲಿಲ್ಲ. ಬ್ರಿಟಿಷರು ಕೂಡ 1893-94ರಲ್ಲಿ ಒಂದು ಆಯೋಗ ಮಾಡಿ, ದೇಶವೆಲ್ಲ ಸುತ್ತಿ, ಹಿತಮಿತವಾಗಿ ಬಳಸಿದರೆ ಅಂಥ ಹಾನಿ ಇಲ್ಲ, ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ ಅಂತ ಬರೆದಿದ್ದರು.

ಇಂಡಿಯ ನಿಂಬೆ ತೋಟದವನು:

ತಮ್ಮಾ, ತೆರಿಗೆ ಲೆಕ್ಕ ಹೇಳಿದಿ. ಬೆಳೆಯುವವನ ಲೆಕ್ಕ ನಾನು ಹೇಳುತ್ತೇನೆ.

ವಿಜಯಪುರ ಜಿಲ್ಲೆಯಲ್ಲಿ ನನ್ನದು ಐದು ಎಕರೆ. ಮೂರರಲ್ಲಿ ನಿಂಬೆ, ಎರಡರಲ್ಲಿ ತೊಗರಿ. ಬೇಸಿಗೆಯಲ್ಲಿ ನಿಂಬೆಗೆ ಬಂಗಾರದ ಬೆಲೆ, ಮಳೆಗಾಲದಲ್ಲಿ ಹಣ್ಣು ಆರಿಸಿದ ಕೂಲಿಯೂ ಹುಟ್ಟುವುದಿಲ್ಲ. ಗಿಡದ ಬುಡದಲ್ಲೇ ಹಳದಿ ಹಾಸಿಗೆ ಹಾಸಿದಂತೆ ಬಿದ್ದು ಕೊಳೆಯುತ್ತದೆ. ಇಂಥ ವರ್ಷದಲ್ಲೇ ಯಾರೋ ಬಂದು ಕಿವಿಯಲ್ಲಿ ಹೇಳುತ್ತಾರೆ: ತೊಗರಿ ಸಾಲಿನ ನಡುವೆ ನಾಲ್ಕು ಗಿಡ ಹಾಕು, ಬೀಜ ನಾನೇ ಕೊಡುತ್ತೇನೆ, ಮಾಲು ನಾನೇ ಒಯ್ಯುತ್ತೇನೆ. ನಮ್ಮ ಪಕ್ಕದ ಹೊಲದ ಮುದುಕ ಹೂಂ ಅಂದ. ಒಂದು ದಿನ ಬೆಳಗ್ಗೆ ಜೀಪ್ ಬಂತು. ಗಿಡಗಳನ್ನು ಬೇರು ಸಮೇತ ಕಿತ್ತು, ಕಟ್ಟಿ, ಮುದುಕನ ಪಕ್ಕದಲ್ಲಿ ಒಟ್ಟಿ ಫೋಟೋ ತೆಗೆದರು. ತಲೆಯ ಮೇಲಿನ ಟವೆಲ್ ತೆಗೆದು ಮುಖಕ್ಕೆ ಹಿಡಿದಿದ್ದ. ಹಲವು ತಿಂಗಳು ವಿಜಯಪುರದ ದರ್ಗಾ ಜೈಲಿನಲ್ಲಿದ್ದ. ಬೀಜ ಕೊಟ್ಟವನ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ.

ಅದಕ್ಕೇ ಕಾನೂನುಬದ್ಧ ಮಾಡಿದರೆ ರೈತ ಉದ್ಧಾರ ಅಂತ ಕೆಲವರು ಹೇಳುತ್ತಾರೆ. ನನಗೆ ನಂಬಿಕೆ ಇಲ್ಲ. ಗಾಂಜಾಕ್ಕೆ ಬೆಲೆ ಬಂದಿರುವುದೇ ಕದ್ದು ಬೆಳೆಯುವುದರಿಂದ. ಅದು ಕಳೆ ಗಿಡ, ತಿಪ್ಪೆಯ ಮೇಲೂ ಹುಟ್ಟುತ್ತದೆ. ಎಲ್ಲರೂ ಬೆಳೆದ ದಿನ ಅದರ ಗತಿ ನಿಂಬೆಯ ಗತಿ. ಅಮೆರಿಕದ ಕೊಲರಾಡೊದಲ್ಲಿ 2014ರ ಜನವರಿ 1ರಿಂದ ಅಂಗಡಿಯಲ್ಲಿ ಮಾರುತ್ತಿದ್ದಾರೆ. 2021ರಲ್ಲಿ ವ್ಯಾಪಾರ ಸುಮಾರು 220 ಕೋಟಿ ಡಾಲರ್‌ವರೆಗೆ ಏರಿತು. ಆಮೇಲೆ ಬೆಲೆ ಬಿತ್ತು, ವ್ಯಾಪಾರ ವರ್ಷ ವರ್ಷ ಇಳಿಯಿತು, ತೆರಿಗೆಯೂ ಇಳಿಯಿತು. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಒಮ್ಮೆಗೇ ಬಿಟ್ಟಿತು. ಸಾವಿರಾರು ಅಂಗಡಿ ಎದ್ದವು. ಮೂರು ವರ್ಷಕ್ಕೆ, 2025ರ ಜೂನ್‌ನಲ್ಲಿ, ಡಾಕ್ಟರ್ ಚೀಟಿ ಬೇಕು ಅಂತ ಹಿಂದೆ ಸರಿಯಿತು. ಸಾಲ ಮಾಡಿ ಹಾಕಿದವರ ಪಾಡು ನೆನೆಸಿಕೊಂಡರೆ ಸಂಕಟವಾಗುತ್ತದೆ.

ನಾರು, ಬೀಜಕ್ಕೆ ಬೆಳೆಯುವ ಹೆಂಪ್ ಬೇರೆ, ಅದು ಗಾಂಜಾ ಜಾತಿಯದೇ ಆದರೂ ನಶೆ ಏರದ ಗಿಡ. ಅದರ ಬಗ್ಗೆ ನನಗೆ ಆಸೆ ಇದೆ. ಉತ್ತರಾಖಂಡ 2018ರಲ್ಲಿ ಲೈಸೆನ್ಸ್ ಕೊಟ್ಟಿತು. ಟಿಎಚ್‌ಸಿ ಶೇ 0.3 ದಾಟಬಾರದು ಅನ್ನುವ ಷರತ್ತು. ಅದರ ಬೀಜ, ಎಣ್ಣೆ, ಹಿಟ್ಟನ್ನು ಆಹಾರ ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2021ರಲ್ಲಿ ಒಪ್ಪಿದೆ. ಆದರೆ ನಮ್ಮ ಬಿಸಿಲಿಗೆ ಆ ಮಿತಿಯೊಳಗೇ ನಿಲ್ಲುವ ತಳಿ ಬೇಕು, ಪರೀಕ್ಷೆ ಮಾಡುವ ಲ್ಯಾಬ್ ಹತ್ತಿರ ಇರಬೇಕು. 0.4 ಬಂದರೆ ಮತ್ತೆ ಜೀಪ್ ಬರುವುದು ನನ್ನ ಹೊಲಕ್ಕೇ ತಾನೇ?

ವಿಜಯಪುರ ವಕೀಲ:

ಅಕ್ಕನ ಅಪ್ಪನ ಹೆದರಿಕೆಗೆ ಮೊದಲು ಉತ್ತರ ಕೊಡುತ್ತೇನೆ. ಉಳಿದ ಚರ್ಚೆ ಆಮೇಲೆ.

ಚಿಕಿತ್ಸೆಗೆ ಆಸ್ಪತ್ರೆಗೆ ಹೋಗುವುದು ಅಪರಾಧವಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರೋಗಿಯ ವಿಷಯ ಗುಟ್ಟಾಗಿ ಇಡುವುದು ಅವರ ಹೊಣೆ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಅನ್ನುವ ಕಲಂ ಇದೆ. ಸೇದಿದ ಕೇಸ್ ಅಥವಾ ಸಣ್ಣ ಪ್ರಮಾಣದ ಕೇಸ್ ಆಗಿದ್ದರೂ, ಚಟ ಇರುವವನು ತಾನಾಗಿ ಬಂದು ಸರ್ಕಾರ ಒಪ್ಪಿದ ಕಡೆ ಚಿಕಿತ್ಸೆ ಪಡೆದರೆ ಅವನ ಮೇಲೆ ವಿಚಾರಣೆ ನಡೆಸುವಂತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಡಬಾರದು, ಅಷ್ಟೇ. ನನ್ನ ಬಳಿ ಬರುವ ತಂದೆತಾಯಿಗಳಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇರುವುದಿಲ್ಲ. ಇದನ್ನು ಪ್ರತಿ ಕಾಲೇಜಿನ ಗೋಡೆಯ ಮೇಲೆ ಬರೆಸಬೇಕು ಅಂತ ನನಗೆ ಅನ್ನಿಸುತ್ತದೆ.

ಕಾನೂನಿನಲ್ಲಿ ಗಾಂಜಾ ಅಂದರೆ ಗಿಡದ ಹೂವು, ಕಾಯಿ ಇರುವ ತುದಿ ಮಾತ್ರ. ಬರೀ ಎಲೆ, ಬೀಜ ಅದರಲ್ಲಿ ಬರುವುದಿಲ್ಲ. ಎಲೆಯಿಂದ ಮಾಡುವ ಭಂಗಿಯನ್ನು ಕೆಲವು ರಾಜ್ಯಗಳು ಲೈಸೆನ್ಸ್ ಕೊಟ್ಟು ಮಾರಿಸುವುದು ಅದಕ್ಕೇ. ಒಂದು ಕಿಲೋವರೆಗೆ ಸಣ್ಣ ಪ್ರಮಾಣ: ಒಂದು ವರ್ಷದವರೆಗೆ ಜೈಲು ಅಥವಾ 10 ಸಾವಿರದವರೆಗೆ ದಂಡ, ಎರಡೂ ಆಗಬಹುದು. 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ: ಕನಿಷ್ಠ 10 ವರ್ಷ, ಬೇಲ್ ಬಹಳ ಕಷ್ಟ. ಬೆಳೆದದ್ದಕ್ಕೆ 10 ವರ್ಷದವರೆಗೆ. ಸೇದಿದ್ದಕ್ಕೆ 6 ತಿಂಗಳವರೆಗೆ. ಇಂಡಿಯ ಅಣ್ಣ ಹೇಳಿದ ಹಾಗೆ ಗಿಡವನ್ನು ಬೇರು, ಕಾಂಡ, ಮಣ್ಣಿನ ಸಮೇತ ತೂಗಿದರೆ ತೂಕ ಎಲ್ಲಿಗೋ ಹೋಗುತ್ತದೆ. ತುದಿಯನ್ನು ಬೇರೆ ಮಾಡಿ ತೂಗಿದ್ದೀರಾ? ಮುದುಕನಂಥವರ ಕೇಸಿನಲ್ಲಿ ನಾವು ಮೊದಲು ಕೇಳುವುದೇ ಇದನ್ನು.

ಪೋರ್ಚುಗಲ್ 2001ರಲ್ಲಿ ಅಂಗಡಿಯನ್ನೂ ತೆರೆಯಲಿಲ್ಲ, ಸೇದುವವನನ್ನು ಜೈಲಿಗೂ ಕಳಿಸಲಿಲ್ಲ. ಹತ್ತು ದಿನಕ್ಕೆ ಸಾಲುವಷ್ಟು ಮಾಲಿನ ಜೊತೆ ಸಿಕ್ಕರೆ ಕೋರ್ಟಿನ ಬದಲು ಒಂದು ಸಮಿತಿಯ ಮುಂದೆ ನಿಲ್ಲಬೇಕು. ಅದರಲ್ಲಿ ಆರೋಗ್ಯ, ಸಮಾಜಸೇವೆ ತಿಳಿದವರು ಇರುತ್ತಾರೆ. ಮಾರುವವನಿಗೆ ಶಿಕ್ಷೆ ಹಾಗೇ ಇದೆ. ನಾನು ಅದರ ಪರ.

ಬನಹಟ್ಟಿಯ ಅಕ್ಕ:

ಎಲ್ಲರಿಗೂ ಕೈಮುಗಿಯುತ್ತೇನೆ. ವಕೀಲರ ಉತ್ತರವನ್ನು ಅಪ್ಪನಿಗೆ ಮೂರು ಸಲ ಓದಿ ಹೇಳಿದೆ. ಮೂರನೇ ಸಲ "64ಎ" ಅಂತ ಕ್ಯಾಲೆಂಡರ್ ಮೇಲೆ ಪೆನ್ನಿನಿಂದ ಬರೆದುಕೊಂಡ. ಮರುದಿನ ನಸುಕಿನಲ್ಲೇ ಬಸ್ ಹತ್ತಿ ಧಾರವಾಡಕ್ಕೆ ಹೋದೆವು.

ಡಾಕ್ಟರ್ ಯಾರಿಗೂ ಬಯ್ಯಲಿಲ್ಲ. ಎಷ್ಟು ವಯಸ್ಸಿಗೆ ಶುರು ಮಾಡಿದೆ ಅಂತ ಕೇಳಿದರು. ಹದಿನೇಳು ಅಂದ. ಎಲ್ಲಿ ಸಿಗುತ್ತಿತ್ತು ಅಂದರೆ, ಚಹಾದಂಗಡಿ ಹತ್ತಿರ ಒಬ್ಬ ಬೈಕಿನ ಮೇಲೆ ಬರುತ್ತಿದ್ದ, ಐನೂರಕ್ಕೆ ಒಂದು ಪೊಟ್ಟಣ ಅಂದ. ಅವನ ವಯಸ್ಸು ಯಾರೂ ಕೇಳಿರಲಿಲ್ಲ. ಕೆನಡಾದ ಅಣ್ಣ ಹೇಳಿದ್ದರಲ್ಲಿ ಇಷ್ಟು ಖರೆ ಇದೆ.

ಆದರೂ ಅಂಗಡಿ ಬೇಡ ಅನ್ನುತ್ತೇನೆ. ಬಸ್‌ಸ್ಟ್ಯಾಂಡ್ ಸುತ್ತ ಬಾಟಲಿ ಅಂಗಡಿಗೂ ವಯಸ್ಸಿನ ಬೋರ್ಡ್ ಇದೆ, ಒಳಗೆ ಯಾರು ಹೋಗುತ್ತಾರೆ ಅಂತ ದಿನಾ ನೋಡುತ್ತೇನೆ. ಶಹಾಪುರದ ತಮ್ಮನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಒಂದು ಅಂಗಡಿ ನಿಮ್ಮ ಅಪ್ಪನನ್ನು ತಿಂದಿದೆ ಅಂತ ಪಕ್ಕದಲ್ಲೇ ಇನ್ನೊಂದನ್ನು ತೆರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಾಗೆಯೇ ಸೇದಿದ ಹುಡುಗನಿಗೆ ಜೈಲು ಅನ್ನುವುದು ಹೋಗಲೇಬೇಕು. ಆ ಜೈಲಿನ ಹೆದರಿಕೆ ಅವನು ಸೇದುವುದನ್ನು ಒಂದು ದಿನವೂ ತಡೆಯಲಿಲ್ಲ. ಅವನು ಡಾಕ್ಟರ್ ಹತ್ತಿರ ಹೋಗುವುದನ್ನು ಎರಡು ತಿಂಗಳು ತಡೆಯಿತು.

ಇವತ್ತಿಗೆ ಗುಳಿಗೆ ಶುರುವಾಗಿ ಹನ್ನೊಂದು ದಿನ. ರಾತ್ರಿ ನಿದ್ದೆ ಮಾಡುತ್ತಿದ್ದಾನೆ. ಮಧ್ಯಾಹ್ನ ಅಪ್ಪ ಅವನನ್ನು ಕೇಳಿ ಒಂದೇ ಮಗ್ಗ ಚಾಲು ಮಾಡಿದ. ತಮ್ಮ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿದ. ಒಳಗೆ ಬರಲಿಲ್ಲ, ಕಿವಿಯನ್ನೂ ಮುಚ್ಚಿಕೊಳ್ಳಲಿಲ್ಲ. ಆಮೇಲೆ "ಎರಡನೇದಕ್ಕ ಎಣ್ಣಿ ಬಿಡ್ರಿ, ಕಿರಕಿರ ಅನ್ನಾಕತ್ತೈತಿ" ಅಂದ. ನಾವು ಚಾಲು ಮಾಡಿದ್ದು ಎರಡನೇ ಮಗ್ಗವೇ. ಖರೆನೇ ಎಣ್ಣೆ ಆರಿತ್ತು.